ಹೈದರಾಬಾದಿನ ಹುಲ್ಲುಹಾಸು ಮತ್ತು ಕೂತು ನಡೆಸುವ ಯಂತ್ರ

ಹೈದರಾಬಾದಿಗೆ ಬಂದ ನೆಂಟರಿಗೆ ನಾವು ತೋರಿಸುವುದು ಚಾರ್‌ಮಿನಾರು, ಸಾಲಾರ್ ಜಂಗ್ ವಸ್ತುಸಂಗ್ರಹಾಲಯ, ಗೋಲ್ಕೊಂಡೆಯ ಕೋಟೆ. ನೆಂಟರು ಊಟದ ಪ್ರಿಯರಾದರೆ ಇನ್ನೂ ಒಂದೆರಡು ಬೀದಿಗಳು. ಹುಲ್ಲು ತೋರಿಸುತ್ತೇವೆ ಬನ್ನಿ ಎಂದು ಯಾರೂ ಯಾರನ್ನೂ ಕರೆದುಕೊಂಡು ಹೋದದ್ದನ್ನು ನಾವು ಕೇಳಿಲ್ಲ. ಆದರೂ ಈ ಊರಿನಲ್ಲಿ ಹಸಿರು ಹುಲ್ಲನ್ನು ಉಳಿಸಿಕೊಳ್ಳುವುದು ಸಾಮಾನ್ಯ ಸಾಹಸವಲ್ಲ. ಊರು ನಿಂತಿರುವುದೇ ಬಂಡೆಯ ಮೇಲೆ. ಬಂಜಾರಾ ಹಿಲ್ಸ್, ಜೂಬಿಲಿ ಹಿಲ್ಸ್ ಕಡೆಗೆ ಹೋದರೆ ಮನೆಗಳ ಆವರಣದೊಳಗೇ ಆನೆಯ ಗಾತ್ರದ ಗುಂಡುಗಳು ಕೂತಿರುತ್ತವೆ. ವರ್ಷಕ್ಕೆ ಸುಮಾರು 80 ಸೆಂಟಿಮೀಟರ್ ಮಳೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿದ್ದು ಮುಗಿಯುತ್ತದೆ. ಆಮೇಲೆ ಉಳಿಯುವುದು ಬಿಸಿಲು, ಕಲ್ಲು ಮತ್ತು ಮಾಲಿಯ ಕೈಯ ನೀರಿನ ಪೈಪು.

ನಾಂಪಲ್ಲಿಯ ಪಬ್ಲಿಕ್ ಗಾರ್ಡನ್ ನಮಗೆ ಬಹಳ ಇಷ್ಟವಾದ ಸ್ಥಳ. ಹಳೆಯವರು ಅದನ್ನು ಬಾಗ್-ಎ-ಆಮ್ ಎನ್ನುತ್ತಿದ್ದರು, ಅಂದರೆ ಎಲ್ಲರ ತೋಟ. ನಿಜಾಮರ ಕಾಲದ್ದು. 1913ರಲ್ಲಿ ಮುಗಿದ ಟೌನ್ ಹಾಲು ಅದರ ಮಗ್ಗುಲಲ್ಲೇ ಇದೆ. ಮುಂದೆ ಅದೇ ವಿಧಾನಸಭೆಯ ಕಟ್ಟಡವಾಯಿತು. ಕಛೇರಿ ಬಿಟ್ಟ ಮೇಲೆ ಬಸ್ಸಿನ ನೂಕುನುಗ್ಗಲು ಕರಗುವ ತನಕ ಅಲ್ಲಿ ಒಂದು ಸುತ್ತು ಹಾಕುವುದು ನಮ್ಮಂಥ ಗುಮಾಸ್ತರಿಗೆ ಖರ್ಚಿಲ್ಲದ ಸುಖ. ಕಾಲಕೆಳಗಿನ ಗರಿಕೆಯನ್ನು ನಾವು ಕನ್ನಡದಲ್ಲಿ ಗರಿಕೆ ಎಂದರೆ ಇಲ್ಲಿಯವರು ತೆಲುಗಿನಲ್ಲಿ ಗರಿಕ ಎನ್ನುತ್ತಾರೆ. ಗಣೇಶನ ಹಬ್ಬಕ್ಕೆ ಎರಡೂ ಭಾಷೆಯವರು ಅದನ್ನೇ ಕಿತ್ತು ತರುತ್ತಾರೆ. ಪರಸ್ಥಳಕ್ಕೆ ಬಂದವರಿಗೆ ಇಂಥ ಗುರುತಿನ ಮಾತೊಂದು ಸಿಕ್ಕರೆ ಎಷ್ಟು ಧೈರ್ಯ ಎಂಬುದು ವಾಚಕರಿಗೆ ಗೊತ್ತೇ ಇದೆ.

ಹುಲ್ಲು ಬೆಳೆದ ಮೇಲೆ ಕೊಯ್ಯಲೇಬೇಕಲ್ಲ. ಹಿಂದೆ ಕುಡುಗೋಲು ಹಿಡಿದ ಹೆಂಗಸರು ಸಾಲಾಗಿ ಕೂತು ಕೊಯ್ಯುತ್ತಿದ್ದರು. ಈಗಲೂ ಚಿಕ್ಕ ತೋಟಗಳಲ್ಲಿ ಆ ನೋಟ ಉಂಟು. ಹುಲ್ಲು ಕೊಯ್ಯುವ ಯಂತ್ರ ಹುಟ್ಟಿದ್ದು 1830ರಲ್ಲಿ, ಇಂಗ್ಲೆಂಡಿನ ಗ್ಲಾಸ್ಟರ್‌ಷೈರಿನಲ್ಲಿ. ಎಡ್ವಿನ್ ಬಡ್ಡಿಂಗ್ ಎಂಬಾತ ಉಣ್ಣೆಬಟ್ಟೆಯ ಮೇಲಿನ ನೂಲಿನ ಎಳೆಗಳನ್ನು ಸಮವಾಗಿ ಕತ್ತರಿಸುವ ಗಿರಣಿಯ ಯಂತ್ರವನ್ನು ನೋಡಿ, ಹುಲ್ಲಿಗೂ ಹೀಗೇಕೆ ಮಾಡಬಾರದು ಎಂದುಕೊಂಡನಂತೆ. ಮುಂದೆ ದೊಡ್ಡ ಯಂತ್ರಗಳನ್ನು ಕುದುರೆಗಳಿಂದ ಎಳೆಸಿದರು. ಗೊರಸು ಊರಿ ಹುಲ್ಲುಹಾಸಿನಲ್ಲಿ ಗುಳಿ ಬೀಳಬಾರದೆಂದು ಆ ಕುದುರೆಗಳ ಕಾಲಿಗೆ ಚರ್ಮದ ಬೂಟು ತೊಡಿಸುತ್ತಿದ್ದರು! ನಮ್ಮ ದೇಶದಲ್ಲಿ ಆ ಕೆಲಸ ಎತ್ತುಗಳಿಗೆ ಬಂತು. ತಾಜಮಹಲಿನ ಹುಲ್ಲಿನ ಮೇಲೆ ಎತ್ತು ಯಂತ್ರ ಎಳೆಯುವ ಚಿತ್ರವನ್ನು ಅನೇಕರು ನೋಡಿರಬಹುದು. ಈಗ ಎತ್ತಿನ ಜಾಗಕ್ಕೆ ಎಂಜಿನ್ ಬಂದಿದೆ, ಹಿಂದೆ ನಡೆಯುತ್ತಿದ್ದ ಮನುಷ್ಯ ಮೇಲೆ ಕೂತಿದ್ದಾನೆ. ಚಿಕ್ಕ ಟ್ರ್ಯಾಕ್ಟರಿನಂತೆ ಕಾಣುವ ಈ ಸವಾರಿ ಯಂತ್ರಕ್ಕೆ ನಾಲ್ಕು ಗಾಲಿ, ಒಂದು ಆಸನ, ಹೊಟ್ಟೆಯ ಅಡಿಯಲ್ಲಿ ಮಗುಚಿದ ಪರಾತದಂಥ ಕಬ್ಬಿಣದ ಕವಚ. ಬ್ಲೇಡುಗಳು ತಿರುಗುವುದು ಆ ಕವಚದೊಳಗೆ.

ನಗರದ ಪಶ್ಚಿಮಕ್ಕೆ ಹೊಸದಾಗಿ ಎದ್ದ ಕಟ್ಟಡಗಳ ನಡುವೆ ಎಕರೆಗಟ್ಟಲೆ ಹುಲ್ಲುಹಾಸುಗಳಿವೆ. ಅಂಥ ಒಂದು ಆವರಣದಲ್ಲಿ ಈ ಯಂತ್ರವನ್ನು ನಡೆಸುವವರು ನಮ್ಮ ಕನ್ನಡದವರೇ ಎಂದು ತಿಳಿದದ್ದು ಒಂದು ರಾಜ್ಯೋತ್ಸವದ ದಿನ. ಸಭೆಯ ಕೊನೆಯ ಸಾಲಿನಲ್ಲಿ ಕೂತು, ಎಲ್ಲರ ಭಾಷಣವನ್ನೂ ಪೂರಾ ಕೇಳಿದ ಒಬ್ಬ ಹಿರಿಯರನ್ನು ಮಾತಾಡಿಸಿದೆವು. ಅವರ ಊರು ನಾರಾಯಣಪೇಟೆ ಜಿಲ್ಲೆಯಲ್ಲಿ, ಕೃಷ್ಣಾ ರೈಲು ನಿಲ್ದಾಣದ ಸಮೀಪ. ನದಿ ದಾಟಿದರೆ ರಾಯಚೂರು. 1956ರ ನವೆಂಬರ್ 1ರಂದು ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿತು, ಇವರ ದಡ ಆಂಧ್ರ ಪ್ರದೇಶಕ್ಕೆ ಸೇರಿತು, 2014ರಲ್ಲಿ ತೆಲಂಗಾಣವಾಯಿತು. ಆ ಕಡೆಯ ಹಳ್ಳಿಗಳಲ್ಲಿ ಇಂದಿಗೂ ಮನೆಮಾತು ಕನ್ನಡ. ನಾವು ಅವರನ್ನು ಕಾಕಾ ಎನ್ನುತ್ತೇವೆ, ಅವರು ನಮ್ಮನ್ನು ತಮ್ಮಾ ಎನ್ನುತ್ತಾರೆ.

ಯಂತ್ರ ಹೊಸದಾಗಿ ಬಂದ ವಾರ ಕಾಕಾ ನಮ್ಮ ಮನೆಗೆ ಬಂದರು. ಕೈಯಲ್ಲಿ ಇಂಗ್ಲಿಷಿನ ದಪ್ಪ ಕೈಪಿಡಿ. ಗುತ್ತಿಗೆದಾರನ ಕಡೆಯ ಹುಡುಗ ಅರ್ಧ ಗಂಟೆ ಓಡಿಸಿ ತೋರಿಸಿ ಹೋಗಿದ್ದನಂತೆ. "ಓಡಸೂದು ಬಂತು ತಮ್ಮಾ, ಆದ್ರ ಇದರಾಗ ಇಷ್ಟು ಬರದಾರಂದ್ರ ಏನೋ ಕಾರಣ ಇರಬೇಕಲ್ಲ" ಎಂದರು. ಅವರು ಕನ್ನಡ ಶಾಲೆಯಲ್ಲಿ ಏಳನೆಯ ತರಗತಿ ಓದಿದವರು. ನಾವು ಓದಿ ಹೇಳುತ್ತ ಹೋದೆವು, ಅವರು ನೂರು ಪುಟದ ನೋಟ್‌ಬುಕ್ಕಿನಲ್ಲಿ ಗುಂಡಗಿನ ಅಕ್ಷರದಲ್ಲಿ ಬರೆದುಕೊಂಡರು. ಮೂರು ಸಂಜೆ ಹಿಡಿಯಿತು.

ಮೊದಲನೆಯ ಸಂಜೆ ಯಂತ್ರವನ್ನು ಹೂಡುವ ವಿಷಯ. ಕೆಲವು ಯಂತ್ರಗಳು ಎಂಜಿನ್ ಆಯಿಲ್ ಇಲ್ಲದೆಯೇ ಪೆಟ್ಟಿಗೆಯಲ್ಲಿ ಬರುತ್ತವೆ. ನೋಡದೆ ಕೀಲಿ ತಿರುಗಿಸಿದರೆ ಎಂಜಿನ್ ಅಲ್ಲಿಗೇ ಮುಗಿಯಿತು. ಬ್ಯಾಟರಿಗೆ ಮೊದಲು ಪಾಸಿಟಿವ್ ತಂತಿ, ಆಮೇಲೆ ನೆಗೆಟಿವ್. ಬಿಚ್ಚುವಾಗ ಇದಕ್ಕೆ ತಿರುಗುಮುರುಗು. ಇಲ್ಲವಾದರೆ ಪಾನಾ ಯಂತ್ರದ ಮೈಗೆ ತಗಲಿ ಕಿಡಿ ಹಾರೀತು. ಗಾಲಿಗಳ ನಟ್ಟು ಬಿಗಿಯಾಗಿರಬೇಕು. ಎಡಬಲದ ಟೈರುಗಳಲ್ಲಿ ಗಾಳಿ ಒಂದೇ ಸಮ ಇರಬೇಕು, ಇಲ್ಲದಿದ್ದರೆ ಹೊಟ್ಟೆಯ ಕವಚ ಒಂದು ಕಡೆ ವಾಲಿ ಹುಲ್ಲು ಮೆಟ್ಟಿಲು ಮೆಟ್ಟಿಲಾಗುತ್ತದೆ. ಕವಚದ ಮುಂಭಾಗ ಹಿಂಭಾಗಕ್ಕಿಂತ ಕೆಲವೇ ಮಿಲಿಮೀಟರು ತಗ್ಗಿರಬೇಕು. ಇದನ್ನು ಅಳೆಯಲು ಬ್ಲೇಡನ್ನು ಮುಟ್ಟಬೇಕಾಗುತ್ತದೆ. ಮುಟ್ಟುವ ಮುನ್ನ ಕೀಲಿ ತೆಗೆದು ಜೇಬಿಗೆ ಹಾಕುವುದು, ಸ್ಪಾರ್ಕ್ ಪ್ಲಗ್ಗಿನ ತಂತಿ ಕಳಚುವುದು, ಕೈಗೆ ದಪ್ಪ ಗವಸು ಹಾಕುವುದು. ಕಾಕಾ ಈ ಮೂರರ ಕೆಳಗೆ ಎರಡೆರಡು ಗೆರೆ ಎಳೆದರು.

ಎರಡನೆಯ ಸಂಜೆ ಯಂತ್ರ ನಡೆಸುವ ವಿಷಯ. ಬ್ಲೇಡಿನ ತುದಿ ಸುಮಾರಾಗಿ ಗಂಟೆಗೆ 300 ಕಿಲೋಮೀಟರಿನ ವೇಗದಲ್ಲಿ ತಿರುಗುತ್ತದೆಂದು ಹೇಳಿದಾಗ ಕಾಕಾ ಬರೆಯುವುದನ್ನು ನಿಲ್ಲಿಸಿದರು. ಹೈದರಾಬಾದಿನ ನೆಲದಲ್ಲಿ ಪ್ರತಿ ಮಳೆಗೂ ಹೊಸ ಕಲ್ಲು ಮೇಲೇಳುತ್ತದೆ. ಅಂಥ ಒಂದು ಹರಳು ಆ ಬ್ಲೇಡಿಗೆ ಸಿಕ್ಕರೆ ಅದು ಗುಂಡಿನಂತೆ ಹಾರುತ್ತದೆ. "ಹಂಗಾದ್ರ ಕೂಡೂಕಿಂತ ಮೊದ್ಲ ನೆಲಾ ಪೂರಾ ನಡದು ನೋಡ್ಬೇಕು, ಅಷ್ಟೇ" ಎಂದರು. ಕೈಪಿಡಿ ಇದೇ ಮಾತನ್ನು ಉದ್ದಕ್ಕೆ ಹೇಳಿತ್ತು. ಕಾಕಾ ಒಂದು ವಾಕ್ಯದಲ್ಲಿ ಮುಗಿಸಿದರು. ಕೂತು ನಡೆಸುವ ಯಂತ್ರಕ್ಕೂ ಮೊದಲ ಕೆಲಸ ನಡಿಗೆಯೇ. ಕಲ್ಲು, ತಂತಿ, ತೆಂಗಿನ ಚಿಪ್ಪು, ಮಕ್ಕಳು ಮರೆತ ಚೆಂಡು, ನೀರಿನ ನಲ್ಲಿಯ ತಲೆ, ಇವೆಲ್ಲ ಕಣ್ಣಿಗೆ ಬೀಳುವುದು ನಡೆಯುವವನಿಗೆ. ಕಲ್ಲು ಹಾರುವ ಬಾಯಿಯ ಮೇಲಿನ ಮುಚ್ಚಳವನ್ನು ತೆಗೆದು ಓಡಿಸಕೂಡದು. ಆ ಬಾಯಿಯನ್ನು ರಸ್ತೆಗಾಗಲಿ, ಜನರು ಕೂತ ಬೆಂಚಿಗಾಗಲಿ ತಿರುಗಿಸಲೂ ಕೂಡದು.

ಮೂರನೆಯದು ಇಳಿಜಾರು. ಸಾಮಾನ್ಯವಾಗಿ ಕೈಪಿಡಿಗಳು ಹೇಳುವ ಮಿತಿ 15 ಡಿಗ್ರಿ. ಡಿಗ್ರಿಯ ಲೆಕ್ಕ ಮಾಲಿಗೆ ಏತಕ್ಕೆ? ಕಾಕಾ ಮೇಸ್ತ್ರಿಯೊಬ್ಬನ ರಸಮಟ್ಟ ತಂದು, 1 ಮೀಟರಿನ ಪಟ್ಟಿಯ ಒಂದು ತುದಿಯನ್ನು ದಿಬ್ಬದ ಮೇಲೂರಿ ಸಮವಾಗಿ ಹಿಡಿದರು. ಇನ್ನೊಂದು ತುದಿ ನೆಲದಿಂದ 27 ಸೆಂಟಿಮೀಟರಿಗಿಂತ ಮೇಲಿದ್ದರೆ ಅಲ್ಲಿ ಸವಾರಿ ಬೇಡ, ಕೈಯಿಂದಲೇ ಕೊಯ್ಯುವುದು. ಅದಕ್ಕಿಂತ ಸೌಮ್ಯವಾದ ಇಳಿಜಾರಿನಲ್ಲಿ ಸವಾರಿ ಯಂತ್ರವನ್ನು ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ನೇರವಾಗಿ ನಡೆಸಬೇಕು. ಅಡ್ಡಡ್ಡ ಹೋದರೆ ಮಗುಚುವ ಭಯ. ತಳ್ಳುವ ಯಂತ್ರಕ್ಕೆ ಮಾತ್ರ ಇದು ಉಲ್ಟಾ. ಅದನ್ನು ಅಡ್ಡಡ್ಡವೇ ನಡೆಸಬೇಕು, ಕಾಲು ಜಾರಿದರೆ ಯಂತ್ರ ನಮ್ಮ ಮೇಲೆ ಬರಬಾರದು. ಇಬ್ಬನಿಯೋ ಮಳೆಯೋ ಬಿದ್ದು ಒದ್ದೆಯಾದ ಹುಲ್ಲಿನ ಮೇಲೆ ಎರಡೂ ಬೇಡ. ಕೊಳದ ಅಂಚು, ಗೋಡೆಯ ಅಂಚಿನಿಂದ ಧಾರಾಳ ದೂರವಿರಬೇಕು.

ಚಳಿಗಾಲದ ಒಂದು ಭಾನುವಾರ ನಾವು ಮನೆಮಂದಿಯೆಲ್ಲ ಆ ತೋಟ ನೋಡಲು ಹೋದೆವು. ಬಿಸಿಲೇರಿ ಇಬ್ಬನಿ ಆರಿತ್ತು. ಕಾಕಾ ಮೊದಲು ಹುಲ್ಲುಹಾಸಿನ ಮೂಲೆಮೂಲೆಯನ್ನು ನಡೆದರು. ಚೀಲದಲ್ಲಿ ಕಲ್ಲು, ಎರಡು ಮೊಳೆ, ಒಂದು ಒಡೆದ ಬಳೆ. ಆಮೇಲೆ ಆಸನವೇರಿ ಬ್ರೇಕು ಒತ್ತಿ ಕೀಲಿ ತಿರುಗಿಸಿದರು. ಹೊಸ ಪಟ್ಟೆಗಳು ಸೀರೆಯ ಅಂಚಿನಂತೆ ಒಂದರ ಪಕ್ಕ ಒಂದು ಮೂಡುತ್ತ ಹೋದವು. ಕೊಯ್ದ ಹುಲ್ಲಿನ ವಾಸನೆಗೆ ನಮ್ಮ ಮನೆಯವರಿಗೆ ಊರಿನ ಕಣ ನೆನಪಾಯಿತಂತೆ. ಒಂದು ಸಲಕ್ಕೆ ಎಸಳಿನ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಕೊಯ್ಯಬಾರದು, ಕೊಯ್ದರೆ ಬೇರು ಸೊರಗುತ್ತದೆ ಎಂಬುದು ಅವರು ಪಾಲಿಸುವ ಇನ್ನೊಂದು ನಿಯಮ.

ಆರು ವರ್ಷದ ನಮ್ಮ ಮಗನಿಗೆ ಅದು ಆಟದ ಮೋಟಾರಿನಂತೆ ಕಂಡಿತು. "ಅಜ್ಜಾ, ನನ್ನನ್ನೂ ತೊಡೆಯ ಮೇಲೆ ಕೂರಿಸಿಕೋ" ಎಂದು ಓಡಿದ. ಕಾಕಾ ಅವನನ್ನು ಕಂಡದ್ದೇ ಬ್ಲೇಡು ನಿಲ್ಲಿಸಿ, ಎಂಜಿನ್ ಆರಿಸಿ, ಬ್ಲೇಡು ಪೂರ್ತಿ ನಿಲ್ಲುವ ತನಕ ಕಾದು ಕೆಳಗಿಳಿದರು. ನಗುಮುಖದ ಮನುಷ್ಯ, ಆದರೆ ಆಗ ನಗಲಿಲ್ಲ. "ಬ್ಯಾಡಪಾ. ಇದು ಎತ್ತಿನ ಬಂಡಿ ಅಲ್ಲ. ಇದರ ಮ್ಯಾಲ ಒಬ್ಬರೇ ಕೂಡೂದು. ನಾಳಿ ಇದರ ಸಪ್ಪಳಾ ಕೇಳಿದ್ರ ನೀ ಓಡಿ ಬರ್ತಿ, ನಾ ಹಿಂದ ಹೊಳ್ಳಿಸ್ತಿರ್ತೀನಿ, ನನಗ ನೀ ಕಾಣೂದಿಲ್ಲ." ಮಗ ಅತ್ತ. ಅಳಲಿ ಎಂದು ಬಿಟ್ಟೆವು. ಒಮ್ಮೆ ತೊಡೆಯ ಮೇಲೆ ಕೂತು ಸುಖ ಕಂಡ ಮಗು ಮುಂದೆ ಆ ಸದ್ದಿಗೆ ಓಡಿ ಬರುತ್ತದೆ. ಮಕ್ಕಳಿಗಾಗುವ ಅನೇಕ ಅಪಘಾತಗಳು ಯಂತ್ರ ಹಿಂದಕ್ಕೆ ಚಲಿಸುವಾಗಲೇ ಆಗುತ್ತವೆ. ಈಗ ತಾನೇ ಬೆಂಚಿನ ಮೇಲೆ ಕಂಡ ಮಗು ಇನ್ನೂ ಅಲ್ಲಿಯೇ ಇದೆಯೆಂದು ನಂಬುವುದು ಈ ಕೆಲಸದಲ್ಲಿ ಸಲ್ಲದು.

ಇನ್ನೊಂದು ಸಂಗತಿ ಹೇಳಲೇಬೇಕು. ಸವಾರ ಎದ್ದರೆ ಬ್ಲೇಡು ನಿಲ್ಲಲೆಂದು ಆಸನದ ಅಡಿಯಲ್ಲಿ ಒಂದು ಸ್ವಿಚ್ಚು ಇರುತ್ತದೆ. ಮಳೆಗಾಲದಲ್ಲಿ ಅದು ಕೆಟ್ಟು, ಉಬ್ಬುತಗ್ಗು ಬಂದಲ್ಲೆಲ್ಲ ಎಂಜಿನ್ ನಿಲ್ಲತೊಡಗಿತು. ತಂತಿ ಎರಡನ್ನೂ ಸೇರಿಸಿ ಕಟ್ಟಿಬಿಡು, ಕೆಲಸ ನಡೆಯಲಿ ಎಂದು ಮೇಲ್ವಿಚಾರಕನ ಸಲಹೆ. ಕಾಕಾ ಒಪ್ಪಲಿಲ್ಲ. ಅವರ ಜೊತೆಗಾರನೊಬ್ಬ ಹಿಂದೆ ಬೇರೊಂದು ಕಡೆ ಚಪ್ಪಲಿ ಕಾಲಿನಲ್ಲಿ ತಳ್ಳುವ ಯಂತ್ರ ನಡೆಸುತ್ತ ಎರಡು ಬೆರಳು ಕಳೆದುಕೊಂಡಿದ್ದ. ಅವನಿಗೆ ಆ ತಿಂಗಳ ಸಂಬಳದ ಮೇಲೆ ಏನೂ ಸಿಗಲಿಲ್ಲವಂತೆ. ಹೊಸ ಸ್ವಿಚ್ಚು ಬರುವ ತನಕ ನಾಲ್ಕು ದಿನ ಕಾಕಾ ತಳ್ಳುವ ಯಂತ್ರದಿಂದಲೇ ಕೊಯ್ದರು. ಕೆಲಸ ಹೋದೀತೆಂಬ ಭಯ ಇರಲಿಲ್ಲವೇ ಎಂದು ಕೇಳಿದೆವು. "ಇತ್ತು. ಆದ್ರ ಕೆಲಸ ಹೋದ್ರ ಇನ್ನೊಂದು ಹುಡುಕಬಹುದು, ಕಾಲು ಹೋದ್ರ ಯಾವ ಸಂತ್ಯಾಗ ತರಲಿ?" ಎಂದರು.

ಅರ್ಜಿ ಬರೆಯುವುದು ನಮ್ಮ ಕಸುಬು. ಮಾಲಿಗಳಿಗೆ ಗಟ್ಟಿ ಬೂಟು, ಕಣ್ಣಿಗೆ ಕನ್ನಡಕ, ಕಿವಿಗೆ ಸದ್ದು ತಡೆಯುವ ಮುಚ್ಚಳ ಬೇಕೆಂದು ಒಂದು ಪುಟದ ಅರ್ಜಿ ಬರೆದುಕೊಟ್ಟೆವು. ಕೈಪಿಡಿಯ ಸುರಕ್ಷತೆಯ ಪುಟವನ್ನು ಜೊತೆಗೆ ಲಗತ್ತಿಸಿದೆವು. ಎರಡನೆಯ ಜ್ಞಾಪನೆಗೆ ಬೂಟು ಬಂದವು, ಕನ್ನಡಕವೂ ಬಂತು. ಕಿವಿಯ ಮುಚ್ಚಳಕ್ಕೆ ಮೂರನೆಯ ಜ್ಞಾಪನೆ ಹೋಗಿದೆ. ಹುಲ್ಲು ಕೆಡಬಾರದೆಂದು ಕುದುರೆಗೆ ಬೂಟು ತೊಡಿಸಿದ ಲೋಕ ಇದು. ಮನುಷ್ಯನ ಕಾಲು ಉಳಿಯಲೆಂದು ಒಂದು ಜೊತೆ ಕೊಡಿಸುವುದು ಹೆಚ್ಚಿನ ಬೇಡಿಕೆಯೇನಲ್ಲ.

ನಮ್ಮ ಸಂಘದ ಕೆಲವು ಕುಟುಂಬಗಳು ಊರಾಚೆ ತೋಟದ ಮನೆ ಕಟ್ಟಿಸಿ ಇಂಥ ಯಂತ್ರ ಕೊಳ್ಳುತ್ತಿವೆ. ಅಮೆರಿಕದಲ್ಲಿರುವ ಬಂಧುಗಳಿಗಂತೂ ಇದು ಶನಿವಾರದ ಮಾಮೂಲು ಕೆಲಸ. ಅವರೆಲ್ಲರಿಗೂ ಕಾಕಾರ ನೋಟ್‌ಬುಕ್ಕಿನಿಂದ ಇನ್ನೆರಡು ಮಾತು. ಪೆಟ್ರೋಲು ಹಾಕುವುದು ಎಂಜಿನ್ ತಣ್ಣಗಾದ ಮೇಲೆ, ಬಯಲಿನಲ್ಲಿ, ಬೀಡಿ ಸಿಗರೇಟಿನಿಂದ ದೂರ. ಕಂಠದ ತನಕ ತುಂಬಬಾರದು. ಪಂಚೆ, ಹೆಗಲ ಮೇಲಿನ ವಲ್ಲಿ, ಇಳಿಬಿದ್ದ ದುಪಟ್ಟಾ ಯಂತ್ರದ ಹತ್ತಿರ ಬೇಡ. ನಿಮ್ಮ ಮನೆಯ ಯಂತ್ರವನ್ನು ನಡೆಸುವವನು ಆಳಾದರೆ, ಕೈಪಿಡಿಯನ್ನು ಕಪಾಟಿನಲ್ಲಿಟ್ಟು ಕೀಲಿಯನ್ನು ಮಾತ್ರ ಅವನಿಗೆ ಕೊಡಬೇಡಿ. ಒಂದು ಸಂಜೆ ಅವನ ಜೊತೆ ಕೂತು ಅವನ ಭಾಷೆಯಲ್ಲಿ, ಕನ್ನಡವಾಗಲಿ ತೆಲುಗಾಗಲಿ ಉರ್ದುವಾಗಲಿ, ಓದಿ ಹೇಳಿ. ಮರುದಿನ ಅವನೊಂದಿಗೆ ಹುಲ್ಲುಹಾಸನ್ನು ಒಂದು ಸುತ್ತು ನಡೆಯಿರಿ. ನಮ್ಮ ನೆಂಟರು ಮುಂದಿನ ಸಲ ಬಂದಾಗ ಗೋಲ್ಕೊಂಡೆಯ ಜೊತೆಗೆ ಆ ತೋಟವನ್ನೂ ತೋರಿಸಬೇಕೆಂದಿದ್ದೇವೆ. ಬೆಳಿಗ್ಗೆ ಬಿಸಿಲೇರಿದ ಹೊತ್ತಿಗೆ ಹೋದರೆ ಕಾಕಾ ಚೀಲ ಹಿಡಿದು ಕಲ್ಲು ಆರಿಸುತ್ತಿರುತ್ತಾರೆ.