ಹಿತ್ತಲ ದಾರಿ

ಮನೆ ಕೊಳ್ಳುವವರು ಬಾಗಿಲಿನ ದಿಕ್ಕನ್ನು ನೋಡುತ್ತಾರೆ, ಬಾವಿಯ ನೀರನ್ನು ರುಚಿ ನೋಡುತ್ತಾರೆ. ಪತ್ರದ ಚಕ್ಕುಬಂದಿಯನ್ನು ಓದಿ, ಎಲ್ಲೆಯುದ್ದಕ್ಕೂ ಒಮ್ಮೆ ನಡೆದು ನೋಡುವವರು ವಿರಳ. ಸ್ನೇಹವಿರುವವರೆಗೆ ನಡುವಿನ ಮೂರಡಿ ಓಣಿ ಇಬ್ಬರದೂ ಹೌದು. ಮನಸ್ಸು ಮುರಿದ ಮರುದಿನ ಇಬ್ಬರೂ ಅದನ್ನು ‘ನನ್ನದು’ ಎನ್ನುತ್ತಾರೆ.

ಮೈಸೂರಿನ ಹಳೆಯ ಅಗ್ರಹಾರವೊಂದರಲ್ಲಿ ಎರಡು ಮನೆಗಳು ಬೆನ್ನಿಗೆ ಬೆನ್ನು ಕೊಟ್ಟು ನಿಂತಿದ್ದವು. ಹಿಂದಿನ ಮನೆಯ ಮುಂಬಾಗಿಲು ದೇವಸ್ಥಾನದ ಬೀದಿಗೆ ತೆರೆಯುತ್ತಿತ್ತು. “ಸುತ್ತಿ ಹೋಗುವುದೇಕೆ ರಾಯರೇ? ನಮ್ಮ ಹಿತ್ತಲಿನಿಂದಲೇ ಹೋಗಿಬಿಡಿ” ಎಂದು ಅಲ್ಲಿನ ಹಿರಿಯರು ಒಮ್ಮೆ ಆಡಿದ ಮಾತು ಮೂವತ್ತು ವರ್ಷ ನಡೆಯಿತು. ಆ ದಾರಿಯಲ್ಲಿ ಹಬ್ಬದ ಒಬ್ಬಟ್ಟು ಹೋಯಿತು, ಬಾಣಂತಿಗೆ ಕಷಾಯ ಬಂದಿತು. ಹಿರಿಯರು ಕಾಲವಾದರು, ಮಕ್ಕಳು ಮನೆಯನ್ನು ಮಾರಿದರು, ಕೊಂಡವರು ಕಾಂಪೌಂಡಿಗೆ ಇಟ್ಟಿಗೆ ಇಳಿಸಿದರು. ಮಂಡಿನೋವಿನ ಮಡದಿಗೆ ದೇವಸ್ಥಾನವೇ ದೂರವಾಗುವುದೆಂದು ರಾಯರು ವಕೀಲರಲ್ಲಿಗೆ ಓಡಿದರು.

ವಕೀಲರು ಕೇಳಿದ್ದು ಒಂದೇ ಪ್ರಶ್ನೆ: “ನೀವು ನಡೆದದ್ದು ಹಕ್ಕೆಂದೋ, ಅವರು ಹೋಗಿ ಎಂದದ್ದರಿಂದಲೋ?”

1882ರ ಈಸ್‌ಮೆಂಟ್ ಕಾಯಿದೆಯ ಮರ್ಮ ಈ ಪ್ರಶ್ನೆಯಲ್ಲಿಯೇ ಇದೆ. ಶಾಂತವಾಗಿ, ಬಹಿರಂಗವಾಗಿ, ತಡೆಯಿಲ್ಲದೆ, ಹಕ್ಕೆಂಬ ಭಾವನೆಯಿಂದ 20 ವರ್ಷ ಬಳಸಿದ ದಾರಿ ಹಕ್ಕಾಗಬಲ್ಲುದು. ಅನುಮತಿಯಿಂದ ನಡೆದ ದಾರಿಯಾದರೋ ಎಷ್ಟು ವರ್ಷ ಸಂದರೂ ಅನುಮತಿಯೇ. ಕೊಟ್ಟವರು ಆಸ್ತಿಯನ್ನು ಮಾರಿದರೆ ಅದು ಕೊಂಡವರನ್ನು ಕಟ್ಟಿಹಾಕದು. ಅಣ್ಣತಮ್ಮಂದಿರ ಪಾಲಿನಲ್ಲಿ ಒಬ್ಬನ ಭಾಗಕ್ಕೆ ಬೇರೆ ದಾರಿಯೇ ಇಲ್ಲವಾದರೆ, ಅಗತ್ಯದ ದಾರಿಯೆಂದು ಕಾಯಿದೆಯೇ ಅದನ್ನು ಕೊಡಿಸುತ್ತದೆ. ರಾಯರ ಮನೆಗೆ ಬೀದಿಬಾಗಿಲಿತ್ತು. ಹತ್ತಿರದ ದಾರಿ ಅಗತ್ಯದ ದಾರಿಯಾಗದು.

ದಾಕ್ಷಿಣ್ಯದಿಂದ ನಡೆದವನಿಗೆ ಹಕ್ಕಿಲ್ಲ, ಕೇಳದೆ ನಡೆದವನಿಗೆ ಹಕ್ಕುಂಟು! ಮೊದಲ ನೋಟಕ್ಕೆ ಇದು ವಿಚಿತ್ರವೆನಿಸಬಹುದು. ಆದರೆ ಉಪಕಾರವೆಲ್ಲ ಹಕ್ಕಾಗುವುದಾದರೆ, ಹತ್ತೊಂಬತ್ತನೆಯ ವರ್ಷಕ್ಕೆ ಊರಿನ ಹಿತ್ತಲ ಬಾಗಿಲುಗಳೆಲ್ಲ ಮುಚ್ಚಿಹೋಗುತ್ತಿದ್ದವು. ಔದಾರ್ಯಕ್ಕೆ ಅಂಜಿಕೆಯಿಲ್ಲದಂತೆ ಮಾಡಿರುವುದೇ ಕಾಯಿದೆಯ ಜಾಣತನ.

ರಾಯರು ದಾವೆ ಹೂಡಲಿಲ್ಲ. ಮರುದಿನ ಬೀದಿಯನ್ನು ಸುತ್ತಿ, ಹೊಸ ನೆರೆಯವರ ಮುಂಬಾಗಿಲಿಗೆ ಹೋಗಿ, ಮಡದಿಗಾಗಿ ದಾರಿ ಬೇಡಿದರು. ಗೋಡೆ ಎದ್ದಿತು; ಅದರಲ್ಲಿ ಒಂದು ಪುಟ್ಟ ಬಾಗಿಲೂ ಮೂಡಿತು. ಈ ಸಲ ಮಾತು ಗಾಳಿಗೆ ಹೋಗಲಿಲ್ಲ. ದಾರಿಯ ಅಗಲ, ಉದ್ದೇಶಗಳೆಲ್ಲ ಪತ್ರವಾಗಿ ನೋಂದಣಿಯಾದವು. ಬರೆದಿಟ್ಟರೆ ನೆರೆಯವರು ನೊಂದುಕೊಂಡಾರೆಂಬ ಸಂಕೋಚ ಅನೇಕರಿಗಿದೆ. ಆದರೆ ಬರೆದಿಟ್ಟ ಎಲ್ಲೆಯ ಎರಡು ಬದಿಗಳಲ್ಲಿ ಮಕ್ಕಳ ಕಾಲಕ್ಕೂ ಸ್ನೇಹ ಉಳಿದೀತು.