ಉಸುಕು ತುಂಬಿದ ಎಂಜಿನ್ನುಗಳು

ಇಂಗ್ಲೆಂಡಿನ ಗುಡ್‌ವಿನ್ ಸ್ಯಾಂಡ್ಸ್ ಹತ್ತಿರ, 1940ರಲ್ಲಿ ಸಮುದ್ರಕ್ಕೆ ಬಿದ್ದಿದ್ದ ಜರ್ಮನ್ ಬಾಂಬರ್ ಡಾರ್ನಿಯರ್ 17 ಅನ್ನು 2013ರ ಜೂನಿನಲ್ಲಿ ಮೇಲೆತ್ತಿದರು. ಆ ನಮೂನೆಯಲ್ಲಿ ಜಗತ್ತಿಗೆ ಉಳಿದದ್ದು ಅದೊಂದೇ. ಆ ವರ್ಷದ ಚಳಿಗೆ ಅಬ್ಬೆತುಮಕೂರಿನ ಹೊಲದಲ್ಲಿ ತೊಗರಿ ಕಟಗಿಯ ಬೆಂಕಿ ಕಾಯಿಸುತ್ತ ನಾನು ಸೋದರಮಾವನಿಗೆ ಇದನ್ನೇ ಹೇಳುತ್ತಿದ್ದೆ. ಉಪ್ಪುಂಡ ಅಲ್ಯುಮಿನಿಯಂ ಗಾಳಿಗೆ ಬಂದರೆ ಬೇಗ ಸವೆಯುತ್ತದೆ. ಅದಕ್ಕೇ ಕಾಸ್‌ಫರ್ಡ್‌ನ ರಾಯಲ್ ಏರ್‌ಫೋರ್ಸ್ ಮ್ಯೂಸಿಯಮ್ಮಿನವರು ವಿಮಾನವನ್ನು ಪ್ಲಾಸ್ಟಿಕ್ ಹೊದಿಕೆಯ ಶೆಡ್ಡಿನಲ್ಲಿಟ್ಟು, ಲಿಂಬೆಹುಳಿಯಲ್ಲಿರುವ ಸಿಟ್ರಿಕ್ ಆಮ್ಲದ ತೆಳು ದ್ರಾವಣ ಸಿಂಪಡಿಸುತ್ತಿದ್ದರು.

ಮಾವ ಕಟಗಿ ಮುಂದಕ್ಕೆ ನೂಕಿ ಅಂದ: “ಅದಕ್ಕ ಉಪ್ಪು. ನಮ್ಮವಕ್ಕ ಉಸುಕು ಹಾಕಿದ್ರಪಾ ತಮ್ಮಾ.”

1948ರಲ್ಲಿ, ರಜಾಕಾರರ ಹಾವಳಿಯ ಹೊತ್ತಿಗೆ ಊರು ಬಿಟ್ಟವನು ಮಾವ. ಬೆಂಗಳೂರಿನ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ಹೆಲ್ಪರ್ ಆಗಿ ಸೇರಿದ. ಆಗಲೇ ಕಾನ್ಪುರದಿಂದ ಲಿಬರೇಟರ್‌ಗಳು ಬರತೊಡಗಿದ್ದವು. ನಾಲ್ಕು ಎಂಜಿನ್ನಿನ ಅಮೆರಿಕದ ಬಾಂಬರುಗಳು. ಬ್ರಿಟಿಷರಿಗೆ ಯುದ್ಧಕ್ಕೆಂದು ಎರವಲು ಬಂದವು. ಯುದ್ಧ ಮುಗಿದ ಮೇಲೆ ಮರಳಿಸಬೇಕು, ಇಲ್ಲವೇ ಕೆಡಿಸಬೇಕು. ಕೆಡಿಸಿದರು. ಮೀಟರು ಒಡೆದರು, ಮೈ ತೂತು ಮಾಡಿದರು, ಎಂಜಿನ್ನಿಗೆ ಉಸುಕು ಸುರಿದರು. ಹೊಸ ಸರ್ಕಾರಕ್ಕೆ ಬಾಂಬರ್ ಬೇಕಾಗಿತ್ತು, ಕೊಳ್ಳಲು ರೊಕ್ಕ ಇರಲಿಲ್ಲ.

“ಹಾರೋವಷ್ಟು ಮಾತ್ರ ಅಲ್ಲೇ ರಿಪೇರಿ. ಮುನ್ಷಿ ಸಾಹೇಬ್ರು ಒಂದೊಂದ ಹಾರಿಸ್ಕೊಂಡು ಬರತಿದ್ರು. ಇಳಿಯೂಮುಂದ ನಾವೆಲ್ಲ ಕೆಲಸ ಬಿಟ್ಟು ಹೊರಗ ನಿಲ್ಲತಿದ್ವಿ.” ಟೆಸ್ಟ್ ಪೈಲಟ್ ಜಮ್ಶೆಡ್ ಮುನ್ಷಿ ಅದಕ್ಕೂ ಮೊದಲು ಲಿಬರೇಟರ್ ಹಾರಿಸಿದವರೇ ಅಲ್ಲ. ಅವರ ಹೆಸರು ಹೇಳುವಾಗ ಮಾವನ ದನಿ ಏರುತ್ತಿತ್ತು, ಏರಬೇಕಾದದ್ದೇ. ಬೆಂಗಳೂರಿನಲ್ಲಿ ಎಂಜಿನ್ನು ಬಿಚ್ಚಿ ತೊಳೆದು, ತಗಡು ಬದಲಿಸಿ, ರಿವೆಟ್ ಹೊಡೆದು ಸುಮಾರು ನಲವತ್ತು ವಿಮಾನ ಎಬ್ಬಿಸಿದರು. ಅದೇ ವರ್ಷದ ನವೆಂಬರಿನಲ್ಲಿ ಮೊದಲನೆಯವು ವಾಯುಪಡೆಯ 5ನೇ ಸ್ಕ್ವಾಡ್ರನ್ನಿಗೆ ಹೋದವು. ಆಮೇಲೆ ಕೆಲವು ಸಮುದ್ರದ ಮೇಲೆ ಕಾವಲಿಗೆ ಹಾರಿದವು. ಸೇವೆ ಮುಗಿದದ್ದು 1968ರಲ್ಲಿ.

1974ರಲ್ಲಿ ನಮ್ಮ ವಾಯುಪಡೆ ಒಂದು ಲಿಬರೇಟರ್‌ನ್ನು ಬ್ರಿಟನ್ನಿಗೇ ಉಡುಗೊರೆ ಕೊಟ್ಟಿತು. ಅದೂ ಈಗ ಡಾರ್ನಿಯರ್ ಎತ್ತಿಸಿದ ಅದೇ ಮ್ಯೂಸಿಯಮ್ಮಿನ ಸೊತ್ತು ಅಂದೆ. ಮಾವನ ಕಣ್ಣು ಅರಳಿದವು.

“ಅದಕ್ಕೇನರ ಹೊಸ ತಗಡು ಹಾಕ್ಯಾರೇನು? ನಾವು ಹೊಡೆದ ರಿವೆಟ್ ಅದಾವಿಲ್ಲ?”

ಲಿಬರೇಟರ್ ಗತಿ ನನಗೆ ಗೊತ್ತಿರಲಿಲ್ಲ. ಡಾರ್ನಿಯರ್‌ನ್ನಂತೂ ಅವರು ಹೊಸದು ಮಾಡುವುದಿಲ್ಲ, ಬಗ್ಗಿದ್ದು ಬಗ್ಗಿದ ಹಾಗೇ, ಹರಿದದ್ದು ಹರಿದ ಹಾಗೇ ಉಳಿಸುತ್ತಾರಂತೆ ಅಂದೆ.

“ಹಂಗಾದ್ರ ಬಲ್ಲವರದಾರ,” ಅಂದ ಮಾವ. “ನಮ್ಮದಕ್ಕೂ ಕೈ ಹಚ್ಚಬ್ಯಾಡ್ರಿ ಅಂತ ಒಂದು ಕಾಗದ ಬರಿ.”