ಬಿಳಿ ರಕ್ತಕಣಕ್ಕೆ ಏನು ಉಣಿಸುವುದು?

ಮದುವೆ ಮನೆಯಲ್ಲಿ ಯಾರಾದರೂ "ನೀನು ಲ್ಯಾಬಿನಲ್ಲಿ ಮಾಡುವುದೇನು?" ಎಂದು ಕೇಳಿದರೆ ನನ್ನಲ್ಲಿ ಒಂದು ಸುಲಭದ ಉತ್ತರ ಇದೆ: "ಬಿಳಿ ರಕ್ತಕಣಗಳಿಗೆ ಊಟ ಹಾಕುವುದು." ಕೇಳಿದವರು ನಗುತ್ತಾರೆ, ಮಾತು ಬಿರಿಯಾನಿಯ ಕಡೆ ಹೋಗುತ್ತದೆ. ಉಪ್ಪಳದ ಮನೆಯಲ್ಲಿ ಉಮ್ಮ ಮಾತ್ರ ನಗಲಿಲ್ಲ. "ಏನು ಊಟ?" ಎಂದು ಕೇಳಿದರು.

ಸರಿಯಾದ ಪ್ರಶ್ನೆ. ಕಳೆದ ಎರಡು ತಿಂಗಳಿಂದ ನಾವು ಲ್ಯಾಬಿನಲ್ಲಿ ತಲೆ ಕೆಡಿಸಿಕೊಂಡಿರುವುದೂ ಅದರ ಬಗ್ಗೆಯೇ. ಹಳೆಯ ಸೀರಂ ಮುಗಿಯುತ್ತಾ ಬಂದಿದೆ, ಹೊಸದನ್ನು ಆರಿಸಬೇಕು. ಅದಾದ ಮೇಲೆ ಬರುವುದು ಲ್ಯುಕೇಮಿಯಾ ಚಿಕಿತ್ಸೆ ಮುಗಿಸಿದ ಮಕ್ಕಳ ರಕ್ತ. ಒಂದು ಮಗುವಿನಿಂದ 3 ಮಿಲಿಲೀಟರ್, ಅಷ್ಟೇ. ಆರೋಗ್ಯವಂತ ದೊಡ್ಡವರ ಒಂದು ಮಿಲಿಲೀಟರ್ ರಕ್ತದಿಂದ ನಮಗೆ ಬೇಕಾದ ಕೋಶಗಳು ಸುಮಾರು 10 ಲಕ್ಷ ಸಿಗುತ್ತವೆ. ಕೀಮೋಥೆರಪಿ ಆದ ಮಗುವಿನಲ್ಲಿ ಅಷ್ಟು ಸಿಗುವ ಭರವಸೆ ಇಲ್ಲ. ಹಿಂದೆ ಹಾಕಿಸಿಕೊಂಡ ಲಸಿಕೆಗಳ ನೆನಪು ಆ ಕೋಶಗಳಲ್ಲಿ ಉಳಿದಿದೆಯೇ, ಚಿಕಿತ್ಸೆಯಲ್ಲಿ ಅಳಿಸಿಹೋಗಿದೆಯೇ ಎಂದು ನೋಡುವುದು ನಮ್ಮ ಕೆಲಸ. ಊಟ ಒಗ್ಗದೆ ಕೋಶಗಳು ಸತ್ತರೆ, ಮಗುವಿನ ತಾಯಿಯ ಹತ್ತಿರ ಹೋಗಿ "ಇನ್ನೊಮ್ಮೆ ಸೂಜಿ ಚುಚ್ಚುತ್ತೇವೆ" ಎಂದು ಹೇಳುವ ಮುಖ ನಮಗಿಲ್ಲ.

ಊಟದ ಮೂಲ ಒಂದು ಗುಲಾಬಿ ಬಣ್ಣದ ನೀರು. ಆರ್‌ಪಿಎಂಐ 1640 ಎಂದು ಹೆಸರು. ಅಮೆರಿಕದ ಬಫಲೋ ನಗರದ ರಾಸ್‌ವೆಲ್ ಪಾರ್ಕ್ ಮೆಮೋರಿಯಲ್ ಇನ್‌ಸ್ಟಿಟ್ಯೂಟ್‌ನಲ್ಲಿ ಬಿಳಿ ರಕ್ತಕಣಗಳನ್ನು ಬೆಳೆಸಲೆಂದೇ ಮಾಡಿದ್ದು, 1967ರಲ್ಲಿ ಪ್ರಕಟವಾಯಿತು. ಸಕ್ಕರೆ, ಲವಣ, ಅಮೈನೋ ಆಮ್ಲ, ವಿಟಮಿನ್ ಎಲ್ಲಾ ಅದರಲ್ಲಿದೆ. ಆದರೂ ಅದು ಬರೀ ಗಂಜಿ. ಗಂಜಿಯ ಜೊತೆ ಏನಾದರೂ ಬೇಕಲ್ಲ? ಆ ಜೊತೆಗೆ ಹಾಕುವುದನ್ನು ಆರಿಸುವುದೇ ಕಷ್ಟ.

ಹೆಚ್ಚಿನ ಲ್ಯಾಬುಗಳು ಹಾಕುವುದು ಕರುವಿನ ಸೀರಂ, ನೂರಕ್ಕೆ ಹತ್ತು ಪಾಲು. ಸೀರಂ ಎಂಬುದಕ್ಕೆ ಬ್ಯಾರಿಯಲ್ಲಿ ನನಗೆ ಪದ ಸಿಗಲಿಲ್ಲ. "ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿನೀರು" ಎಂದೆ. ಇನ್ನೂ ಹುಟ್ಟದ ಕರುವಿನದ್ದು. ಗಬ್ಬದ ಹಸುವನ್ನು ಕಡಿದಾಗ ಹೊಟ್ಟೆಯಲ್ಲಿದ್ದ ಕರುವಿನಿಂದ ತೆಗೆಯುತ್ತಾರೆ. ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಅಮೆರಿಕದಿಂದ ಬರುತ್ತದೆ. 1958ರಲ್ಲಿ ಥಿಯೋಡೋರ್ ಪಕ್ ಮತ್ತು ಸಂಗಡಿಗರು ಇದನ್ನು ಬಳಕೆಗೆ ತಂದರು. ಹುಟ್ಟದ ಕರುವೇ ಯಾಕೆ? ಹಸು ಸಾಕಿದವರಿಗೆ ಇದನ್ನು ಹೇಳುವುದು ಸುಲಭ. ಕರುವಿಗೆ ಗಿಣ್ಣುಹಾಲು ಕುಡಿಸದಿದ್ದರೆ ಅದು ಬದುಕುವುದು ಕಷ್ಟ ಎಂದು ಹೇಳುತ್ತಾರಲ್ಲ, ಯಾಕೆಂದರೆ ಹಸುವಿನ ಹೊಟ್ಟೆಯಲ್ಲಿ ತಾಯಿಯ ಪ್ರತಿಕಾಯಗಳು ಕರುವಿಗೆ ದಾಟುವುದಿಲ್ಲ. ಹುಟ್ಟಿದ ಮೇಲೆ ಗಿಣ್ಣಿನಲ್ಲೇ ಸಿಗಬೇಕು. ಹಾಗಾಗಿ ಹುಟ್ಟದ ಕರುವಿನ ಸೀರಂನಲ್ಲಿ ಬೆಳವಣಿಗೆಗೆ ಬೇಕಾದ್ದು ತುಂಬಾ, ಜಗಳ ಮಾಡುವ ಪ್ರತಿಕಾಯ ತೀರಾ ಕಡಿಮೆ.

ಉಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ನಾನು ಕಾದಿದ್ದ ಪ್ರಶ್ನೆ ಬಂತು: "ರಕ್ತ ಹರಾಮ್ ಅಲ್ವಾ?" ಪ್ಲೇಟಿನೊಳಗಿನ ಕೋಶ ತಿನ್ನುವುದು, ಮನುಷ್ಯರು ಯಾರೂ ತಿನ್ನುವುದಿಲ್ಲ ಎಂದೆ. "ಆ ಕೋಶವನ್ನು ತಿರುಗಿ ಮನುಷ್ಯನ ಮೈಗೆ ಹಾಕಿದರೆ?" ಎಂದರು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವರು! ಫತ್ವಾ ಹೇಳುವುದು ಉಸ್ತಾದರ ಕೆಲಸ, ನನ್ನದಲ್ಲ. ಆದರೆ ಇದೇ ಪ್ರಶ್ನೆಯನ್ನು ವಿಜ್ಞಾನವೂ ಕೇಳುತ್ತದೆ. ರೋಗಿಯ ಟಿ ಕೋಶಗಳನ್ನು ತೆಗೆದು, ಹೊರಗೆ ಬದಲಾಯಿಸಿ, ಬೆಳೆಸಿ ಮತ್ತೆ ಅವನಿಗೇ ಕೊಡುವ ಕಾರ್-ಟಿ ಚಿಕಿತ್ಸೆ ಈಗ ನಮ್ಮ ದೇಶದಲ್ಲೂ ಇದೆ. ಮುಂಬೈ ಐಐಟಿ ಮತ್ತು ಟಾಟಾ ಮೆಮೋರಿಯಲ್ ಸೇರಿ ಬೆಳೆಸಿದ ನೆಕ್ಸ್‌ಕಾರ್19ಕ್ಕೆ 2023ರ ಅಕ್ಟೋಬರಿನಲ್ಲಿ ಅನುಮತಿ ಸಿಕ್ಕಿತು. ಅಂಥ ಕೆಲಸದಲ್ಲಿ ಪ್ರಾಣಿಯ ಸೀರಂ ಆದಷ್ಟು ಬೇಡ ಎನ್ನುತ್ತಾರೆ. ಎಷ್ಟು ತೊಳೆದರೂ ಹಸುವಿನ ಪ್ರೋಟೀನ್ ಒಂದಿಷ್ಟು ಕೋಶಕ್ಕೆ ಅಂಟಿಕೊಂಡೇ ಇರುತ್ತದೆ, ಪ್ರಾಣಿಯ ಸೋಂಕು ದಾಟುವ ಭಯವೂ ಇದೆ.

ನಮ್ಮ ಕೋಶಗಳು ಯಾರ ಮೈಗೂ ಹೋಗುವುದಿಲ್ಲ. ಆದರೂ ಕಣ್ಣು ಮುಚ್ಚಿ ಕರುವಿನ ಸೀರಂ ಸುರಿಯುವ ಹಾಗಿಲ್ಲ. ಬೇರೆ ಕೋಶಗಳು ಹಾಕಿದ್ದನ್ನು ತಿನ್ನುತ್ತವೆ. ರೋಗನಿರೋಧಕ ಕೋಶ ಹಾಗಲ್ಲ, ಇದು ಯಾರದ್ದು ಎಂದು ಮೊದಲು ವಿಚಾರಿಸುತ್ತದೆ. ಪರಕೀಯ ವಸ್ತು ಗುರುತಿಸುವುದೇ ಅದರ ಉದ್ಯೋಗ. ಸೀರಂನಲ್ಲಿ ಬ್ಯಾಕ್ಟೀರಿಯಾದ ಎಂಡೋಟಾಕ್ಸಿನ್ ಲೇಶ ಉಳಿದಿದ್ದರೂ ಮೋನೋಸೈಟ್‌ಗಳು ಎಚ್ಚರವಾಗುತ್ತವೆ. ಮೇಲಾಗಿ ಒಂದು ಲಾಟಿನ ಹಾಗೆ ಇನ್ನೊಂದು ಲಾಟು ಇರುವುದಿಲ್ಲ.

ಅದಕ್ಕೇ ನಾವು ಐದು ಬಾಟಲಿಗಳ ಸ್ಯಾಂಪಲ್ ತರಿಸಿದೆವು. ಮೂರು ಕರುವಿನದ್ದು, ಎರಡು ಮನುಷ್ಯರದ್ದು. ನಮ್ಮದೇ ಕೈಯಿಂದ ರಕ್ತ ತೆಗೆದು, ಕೋಶ ಬೇರ್ಪಡಿಸಿ, 96 ಕುಳಿಗಳ ಪ್ಲೇಟಿನಲ್ಲಿ ಹಾಕಿ 37 ಡಿಗ್ರಿಯಲ್ಲಿ ಇಟ್ಟೆವು. ಅರ್ಧ ಕುಳಿಗಳಿಗೆ ಪಿಎಚ್‌ಎ ಹಾಕಿದೆವು, ಉಳಿದವಕ್ಕೆ ಏನೂ ಇಲ್ಲ. ಪಿಎಚ್‌ಎ ಎಂದರೆ ರಾಜ್ಮಾದಂಥ ಬೀನ್ಸ್ ಕಾಳಿನ ಪ್ರೋಟೀನು. ರಾಜ್ಮಾ ಸರಿಯಾಗಿ ಬೇಯದಿದ್ದರೆ ಹೊಟ್ಟೆ ಕೆಡುವುದು ಇದರಿಂದಲೇ. ಮಲಗಿದ ಬಿಳಿ ಕಣ ಇದು ತಾಗಿದರೆ ಎದ್ದು ವಿಭಜನೆಗೆ ಶುರು ಮಾಡುತ್ತದೆ ಎಂದು ಪೀಟರ್ ನೋವೆಲ್ 1960ರಲ್ಲಿ ತೋರಿಸಿದರು.

ಮೂರನೇ ದಿನ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಕರುವಿನ ಸೀರಂಗಳಲ್ಲಿ ಒಂದು ಎಲ್ಲರ ಕಣ್ಣು ಸೆಳೆಯಿತು. ಕೋಶಗಳು ದ್ರಾಕ್ಷಿ ಗೊಂಚಲಿನ ಹಾಗೆ ಗುಂಪುಗಟ್ಟಿದ್ದವು. ಹೊಸದಾಗಿ ಸೇರಿದ ಹುಡುಗ "ಇದೇ ಫಸ್ಟ್ ಕ್ಲಾಸ್" ಎಂದ. ಪಕ್ಕದ ಖಾಲಿ ಕುಳಿಗಳನ್ನು ನೋಡು ಎಂದೆ. ಏನೂ ಹಾಕದ ಕುಳಿಯಲ್ಲೂ ಗೊಂಚಲು! ಎಬ್ಬಿಸುವ ಮೊದಲೇ ಎದ್ದು ಕೂತ ಕೋಶದ ಹತ್ತಿರ ದಡಾರ ಲಸಿಕೆ ನೆನಪಿದೆಯಾ ಎಂದು ಕೇಳಿ ಏನು ಪ್ರಯೋಜನ? ಅದು ಎಲ್ಲದಕ್ಕೂ ಹೌದು ಎನ್ನುತ್ತದೆ. ಸುಮ್ಮನಿರಬೇಕಾದಲ್ಲಿ ಕೋಶವನ್ನು ಸುಮ್ಮನೆ ಬದುಕಿಸುವ ಸೀರಂ ನಮಗೆ ಬೇಕು. ಹೆಚ್ಚು ಬೆಳೆಸಿದ್ದೇ ಒಳ್ಳೆಯದು ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಆ ಲೆಕ್ಕದಲ್ಲಿ ಗೆದ್ದದ್ದು ಮನುಷ್ಯರ ಎಬಿ ಸೀರಂ. ಎಬಿ ಗುಂಪಿನವರ ರಕ್ತದಲ್ಲಿ ಎ ವಿರುದ್ಧವಾಗಲೀ ಬಿ ವಿರುದ್ಧವಾಗಲೀ ಪ್ರತಿಕಾಯ ಇರುವುದಿಲ್ಲ, ಹಾಗಾಗಿ ಯಾವ ಗುಂಪಿನ ಮಗುವಿನ ಕೋಶಕ್ಕೂ ಆಗುತ್ತದೆ. ಎಬಿಯವರು ನಮ್ಮ ದೇಶದಲ್ಲಿ ನೂರಕ್ಕೆ ಹತ್ತು ಜನರೂ ಇಲ್ಲದ ಕಾರಣ ಬೆಲೆ ಮಾತ್ರ ಜಾಸ್ತಿ.

"ನನ್ನದು ಎಬಿ ಅಲ್ವಾ? ನನ್ನದೇ ತೆಗೆದುಕೊಂಡು ಹೋಗು" ಎಂದರು ಉಮ್ಮ. ಅವರ ವಯಸ್ಸು, ಬಿಪಿ ಮಾತ್ರೆ ಎಲ್ಲ ಬದಿಗಿಟ್ಟರೂ ಆಗುವುದಿಲ್ಲ ಎಂದೆ. ಯಾಕೆಂದು ಹೇಳಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಮಗು ಹೊಟ್ಟೆಯಲ್ಲಿರುವಾಗ ಅದರ ಕೋಶಗಳ ಮೇಲೆ ಅಪ್ಪನ ಕಡೆಯ ಗುರುತುಗಳೂ ಇರುತ್ತವೆ. ತಾಯಿಯ ದೇಹ ಅದನ್ನು ಕಂಡು ಪ್ರತಿಕಾಯ ಮಾಡಬಹುದು. ಬಸಿರು ಹೆಚ್ಚಿದಷ್ಟು ಅದರ ಸಾಧ್ಯತೆ ಹೆಚ್ಚು, ಎಷ್ಟೋ ವರ್ಷ ಅವು ಉಳಿಯಲೂಬಹುದು. ತಾಯಿಗೆ ಅದರಿಂದ ಏನೂ ತೊಂದರೆ ಇಲ್ಲ, ಆದರೆ ಬೇರೆಯವರ ಕೋಶದ ಮೇಲೆ ಅದೇ ಗುರುತು ಸಿಕ್ಕಿದರೆ ಹೋಗಿ ಹಿಡಿಯುತ್ತವೆ. ಅದಕ್ಕೇ ಈ ಸೀರಂಗೆ ಗಂಡಸರ ರಕ್ತವನ್ನೇ ಹೆಚ್ಚಾಗಿ ಆರಿಸುತ್ತಾರೆ.

ಉಮ್ಮ ಆರು ಹೆತ್ತವರು. "ಅಂದರೆ ನೀವು ಆರೂ ಜನ ಇನ್ನೂ ನನ್ನ ರಕ್ತದಲ್ಲಿದ್ದೀರಿ" ಎಂದರು. ಇರಬಹುದು, ಪರೀಕ್ಷೆ ಮಾಡದೆ ಹೇಳಲಾಗದು ಎಂದು ನಾನು ಲ್ಯಾಬಿನ ಭಾಷೆಯಲ್ಲೇ ಉತ್ತರಿಸಿದೆ. ಅವರಿಗೆ ಪರೀಕ್ಷೆ ಬೇಕಿರಲಿಲ್ಲ. ಆರರಲ್ಲಿ ಒಂದು ಹುಟ್ಟಿ ಹನ್ನೊಂದನೇ ದಿನ ತೀರಿಹೋದ ಮಗು. ಅದರ ಹೆಸರನ್ನು ಅವರು ಮನೆಯಲ್ಲಿ ಎತ್ತುವುದು ಅಪರೂಪ. ಆ ಸಂಜೆ ಎತ್ತಿದರು.

ಉಳಿದ ಸಾಮಾನುಗಳ ಆಯ್ಕೆ ಬೇಗ ಮುಗಿಯಿತು. ಗ್ಲುಟಮಿನ್ ದ್ರವದಲ್ಲಿ ಬೇಗ ಕೆಟ್ಟು ಅಮೋನಿಯಾ ಆಗುವುದರಿಂದ ಕೆಡದ ಜೋಡಿ ರೂಪದ್ದನ್ನೇ ತೆಗೆದುಕೊಂಡೆವು. ಕೊಳೆತ ಮೊಟ್ಟೆಯ ವಾಸನೆಯ ಮರ್ಕ್ಯಾಪ್ಟೋಎಥನಾಲ್ ಇಲಿಯ ಕೋಶಕ್ಕೆ ಬೇಕು, ಮನುಷ್ಯರದ್ದು ಅದಿಲ್ಲದೆ ನಡೆಯುತ್ತದೆ, ಬಿಟ್ಟೆವು. ಪೆನಿಸಿಲಿನ್ ಹಾಕಿದ್ದೇವೆ ಎಂದು ನಿಶ್ಚಿಂತೆ ಇಲ್ಲ. ಮೈಕೋಪ್ಲಾಸ್ಮಾಕ್ಕೆ ಕೋಶಭಿತ್ತಿಯೇ ಇಲ್ಲದ ಕಾರಣ ಅದಕ್ಕೆ ಪೆನಿಸಿಲಿನ್ ನಾಟುವುದಿಲ್ಲ, ತಿಂಗಳಿಗೊಮ್ಮೆ ಬೇರೆಯೇ ಪರೀಕ್ಷೆ ಮಾಡಬೇಕು. ಚರ್ಚೆಯಾದದ್ದು ಐಎಲ್-2 ಬಗ್ಗೆ. 1976ರಲ್ಲಿ ರಾಬರ್ಟ್ ಗ್ಯಾಲೋ ಅವರ ಲ್ಯಾಬು ಅದರ ಬಲದಿಂದ ಟಿ ಕೋಶಗಳನ್ನು ತುಂಬಾ ದಿನ ಬೆಳೆಸಬಹುದೆಂದು ತೋರಿಸಿದ ಮೇಲೆ ಎಲ್ಲರಿಗೂ ಅದು ಬೇಕು. ಆದರೆ ಮೊದಲ ದಿನವೇ ಹೆಚ್ಚು ಸುರಿದರೆ ಲಸಿಕೆಯ ನೆನಪಿಲ್ಲದ ಕೋಶವೂ ಜೊತೆಗೆ ಬೆಳೆಯುತ್ತದೆ. ಮೂರು ದಿನ ಕಳೆದ ಮೇಲೆ, ಮಿಲಿಲೀಟರಿಗೆ 20 ಯೂನಿಟ್ ಮಾತ್ರ ಎಂದು ಬರೆದು ಸಹಿ ಹಾಕಿದೆವು.

ಎಬಿ ಸೀರಂನ ಒಂದೇ ಲಾಟನ್ನು ಇಡೀ ಅಧ್ಯಯನಕ್ಕೆ ಸಾಕಾಗುವಷ್ಟು ಕಾದಿರಿಸಿದ್ದೇವೆ. ಬಾಟಲಿಗಳು ಮೈನಸ್ 20 ಡಿಗ್ರಿಯ ಫ್ರೀಜರಿನಲ್ಲಿವೆ, ಬೇರೆಯವರು ಕೈ ಹಾಕದ ಹಾಗೆ ಕೆಂಪು ಟೇಪು ಸುತ್ತಿದೆ. ಮೊದಲ ಮಗುವಿನ ಮಾದರಿ ಮಂಗಳವಾರ ಬೆಳಗ್ಗೆ ಬರುತ್ತದೆ. ಏಳು ವರ್ಷದ ಹುಡುಗಿಯಂತೆ.